ಶ್ರುತಿ ಏರಿದ ಕೆರೆಗಳು

ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಕಿಟಕಿ, ಕಿಟಕಿಯ ಕೆಳಗೆ ಗಾಜು ಅರೆಯುವ ಚಕ್ರ, ಚಕ್ರದ ಮೇಲೆ ಹನಿಹನಿಯಾಗಿ ಬೀಳುವ ನೀರು. ಮಧ್ಯಾಹ್ನದ ಊಟ ಮುಗಿದು ಬೀದಿ ತೂಕಡಿಸುವ ಹೊತ್ತಿಗೆ ಆ ನೀರಿನ ಸದ್ದೊಂದೇ ಉಳಿಯುತ್ತಿತ್ತು. ಅದನ್ನು ಕೇಳುತ್ತ ಕೇಳುತ್ತ ಚಾಳೀಸಕ್ಕನಿಗೆ ತಾನು ಕೂತಿರುವುದು ಮರದ ಸ್ಟೂಲಿನ ಮೇಲೋ, ದೋಣಿಯ ಮೇಲೋ ಗೊತ್ತಾಗುತ್ತಿರಲಿಲ್ಲ. ಕಣ್ಣು ಗಾಜಿನ ಅಂಚಿನ ಮೇಲೆ, ಮನಸ್ಸು ಕೆರೆಯ ಮೇಲೆ. ಹಾಗಂತ ಒಂದು ಗಾಜನ್ನೂ ಹಾಳು ಮಾಡಿದವಳಲ್ಲ.

ಹುಟ್ಟಿದಾಗ ಇಟ್ಟ ಹೆಸರು ಕಾಗದಪತ್ರಗಳಲ್ಲಿ ಇತ್ತು, ಕರೆಯುವವರ ಬಾಯಲ್ಲಿ ಇರಲಿಲ್ಲ. ಐದು ಹೆಣ್ಣುಮಕ್ಕಳಲ್ಲಿ ಕೊನೆಯವಳು. ಅಕ್ಕಂದಿರ ಬಟ್ಟೆ ಸುತ್ತಿಸುತ್ತಿ ಅವಳ ಮೈಗೆ ಬರುವಾಗ ಬಣ್ಣ ಯಾವುದೆಂದು ಕೇಳಬೇಕಾಗಿತ್ತು. ಏಳನೆಯ ಕ್ಲಾಸಿಗೆ ಶಾಲೆ ಸಾಕಾಯಿತು. ಹದಿನಾರಕ್ಕೆ ಈ ಅಂಗಡಿಗೆ ಕಸ ಗುಡಿಸಲು ಬಂದಳು. ಆಗಿನ ಮುದುಕ ಯಜಮಾನರು ಗುಡಿಸುವ ಕೈಯನ್ನು ನೋಡಿಯೇ ಏನು ಕಂಡರೋ, ಒಂದು ದಿನ ಪೊರಕೆ ಇಳಿಸಿ ಚಕ್ರದ ಮುಂದೆ ಕೂರಿಸಿದರು. "ಅಂಚು ಕಣ್ಣಿಗೆ ಕಾಣೋ ವಸ್ತು ಅಲ್ಲ ಕಣಮ್ಮ, ಬೆರಳಿಗೆ ಕೇಳಬೇಕು," ಅಂದರು. ವರ್ಷ ಕಳೆಯುವುದರೊಳಗೆ ಅವಳ ಬೆರಳಿಗೆ ಕಿವಿ ಮೂಡಿತ್ತು. ಗಾಜು ಕೂದಲೆಳೆಯಷ್ಟು ದಪ್ಪ ಉಳಿದರೂ ಹೇಳುತ್ತಿದ್ದಳು. ಚಾಳೀಸು ಮಾಡುವ ಅಕ್ಕನೆಂದು ಬೀದಿಯವರು ಚಾಳೀಸಕ್ಕ ಎಂದು ಕರೆದರು, ಅದೇ ನಿಂತಿತು.

ಅಂಗಡಿಯಲ್ಲಿ ಒಂದು ಡ್ರಾಯರ್ ಇತ್ತು. ಜನ ಮರೆತುಹೋದ ಕನ್ನಡಕ, ಛತ್ರಿಯ ಹಿಡಿ, ಒಂಟಿ ಕೈಗವಸು ಎಲ್ಲಾ ಅದರಲ್ಲಿ. ಯಾರೋ ಬಿಟ್ಟುಹೋದ, ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮು ಕೂಡ ಅಲ್ಲೇ ಎರಡು ವರ್ಷ ಬಿದ್ದಿತ್ತು. ಬೂದು ಬಣ್ಣದ ಡಬ್ಬಿ, ಅಂಗೈಯಷ್ಟು ಪರದೆ, ಒಳಗೊಂದು ಕ್ಯಾಸೆಟ್. ಯಾರೂ ಕೇಳಿಕೊಂಡು ಬರಲಿಲ್ಲ. "ತಗೊಂಡು ಹೋಗಮ್ಮ, ಜಾಗ ಆದರೂ ಆಗುತ್ತೆ," ಅಂದರು ಯಜಮಾನರು.

ಕ್ಯಾಸೆಟ್ಟಿನ ಆಟದಲ್ಲಿ ಒಬ್ಬ ದೋಣಿಯ ಹುಡುಗಿ. ಏಳು ಕೆರೆ ದಾಟಿ ಆಚೆ ದಡ ಸೇರಬೇಕು. ಮೊದಲ ಕೆರೆಯಲ್ಲಿ ತಾವರೆ, ಎರಡನೆಯದರಲ್ಲಿ ಸುಳಿ, ಮೂರನೆಯದರಲ್ಲಿ ಒಂಟಿಕಾಲಿನ ಕೊಕ್ಕರೆ, ನಾಲ್ಕನೆಯದರಲ್ಲಿ ಜೊಂಡು ಮತ್ತು ಮುರಿದ ಸೇತುವೆ, ಹೀಗೆ ಏಳನೆಯದರವರೆಗೆ. ಏಳನೆಯದು ಬರೀ ಮಂಜು. ಒಂದೊಂದು ಕೆರೆಗೂ ಒಂದೊಂದು ಹಾಡು. ಪರದೆಗೆ ಬಣ್ಣವಿಲ್ಲ, ಪಾಚಿಹಸಿರಿನ ನಾಲ್ಕು ಛಾಯೆ ಅಷ್ಟೇ. ಆದರೆ ಚಾಳೀಸಕ್ಕ ಆ ನಾಲ್ಕು ಹಸಿರಿನಲ್ಲಿ ಇಡೀ ಲೋಕ ಕಂಡಳು. ಬಸ್ಸಿನಲ್ಲಿ ಕೂತರೆ ರಸ್ತೆ ನೀರಾಗುತ್ತಿತ್ತು. ಒಗೆದ ಸೀರೆ ಹಿಂಡಿದರೆ ಎರಡನೆಯ ಕೆರೆಯ ಸುಳಿ ಕಾಣುತ್ತಿತ್ತು.

ಮೊದಲು ದಾಟಿದರೆ ಸಾಕು ಅನ್ನಿಸಿತ್ತು. ದಾಟಿದ ಮೇಲೆ ಬೇಗ ದಾಟಬೇಕು ಅನ್ನಿಸಿತು. ಇದು ತನಗೊಬ್ಬಳಿಗೆ ಹಿಡಿದ ಹುಚ್ಚು ಅಂದುಕೊಂಡಿದ್ದಳು. ಫೋನು ಬಂದ ಮೇಲೆ ನೋಡಿದರೆ ಲೋಕದ ತುಂಬ ಅಂಥವರೇ. ಅದಕ್ಕೆ ಸ್ಪೀಡ್‌ರನ್ ಎಂದು ಹೆಸರೇ ಇತ್ತು. ಯಾವ ಆಟವನ್ನು ಯಾರು ಎಷ್ಟು ಬೇಗ ಮುಗಿಸಿದರು ಎಂಬುದಕ್ಕೆ ಪಟ್ಟಿ, ಪಟ್ಟಿಗೆ ಕಾವಲುಗಾರರು, ಆಡಿದ್ದನ್ನು ವಿಡಿಯೋ ಮಾಡಿ ಕಳಿಸಬೇಕೆಂಬ ನಿಯಮ. ಏಳು ಕೆರೆಯ ಪಟ್ಟಿಯಲ್ಲಿ ಮೊದಲ ಸಾಲಿನವನ ಸಮಯ ಇಪ್ಪತ್ತು ನಿಮಿಷ ಮೂರು ಸೆಕೆಂಡು. ಇಪ್ಪತ್ತರ ಒಳಗೆ ಇದುವರೆಗೆ ಯಾರೂ ದಾಟಿರಲಿಲ್ಲ.

ಅವಳ ಗಂಡ ಬೀಗದ ಕೈ ಮಾಡುವವನು. ಅಂಗಡಿಯ ಪಕ್ಕದ ಗೂಡಂಗಡಿಯಲ್ಲಿ ಇಡೀ ದಿನ ಹಿತ್ತಾಳೆ ಕೊರೆಯುತ್ತ ಕೂರುವವನು. ಹೆಂಡತಿ ಕಿಟಕಿ ಬೆಳಕಿಗೆ ಡಬ್ಬಿಯನ್ನು ಓರೆ ಮಾಡಿ, ಕಣ್ಣು ಕಿರಿದು ಮಾಡಿ ಆಡುವುದನ್ನು ಅವನು ನೋಡುತ್ತಿದ್ದ. ಆ ಪರದೆಗೆ ಸ್ವಂತ ಬೆಳಕು ಇರಲಿಲ್ಲ. "ಊರಿನವರಿಗೆಲ್ಲ ಕನ್ನಡಕ ಮಾಡಿಕೊಟ್ಟು ನೀನು ಕುರುಡಿ ಆಗ್ತೀಯ," ಎಂದು ಗೊಣಗಿ, ಒಂದು ದಿನ ಎಲ್ಲಿಂದಲೋ ಒಂದು ಪೆಟ್ಟಿಗೆ ತಂದ. ಅದನ್ನು ಟಿವಿಗೆ ಜೋಡಿಸಿ ಅದೇ ಕ್ಯಾಸೆಟ್ ಸಿಕ್ಕಿಸಿದರೆ ಏಳು ಕೆರೆಗಳೂ ಗೋಡೆಯಗಲ ಹರಡಿಕೊಂಡವು. ಅವಳು ಆ ಸಂಜೆ ಅಡುಗೆ ಮರೆತಳು. ಅತ್ತೆ ಬ್ರೆಡ್ಡು ತಿಂದು ಮಲಗಿದರು.

ಆಮೇಲೆ ಆರು ವರ್ಷ ಆ ಪೆಟ್ಟಿಗೆಯಲ್ಲೇ ಅಭ್ಯಾಸ. ಎಲ್ಲಿ ಹುಟ್ಟು ಹಾಕಬೇಕು, ಎಲ್ಲಿ ಬಿಡಬೇಕು, ಯಾವ ಕಪ್ಪೆ ಕೂಗಿದ ಮೇಲೆ ತಿರುಗಬೇಕು, ಎಲ್ಲವೂ ಕೈಗೆ ಬಂದಿತ್ತು. ಅತ್ತೆಯ ಕಿವಿ ಮಂದ, ನಾಲಿಗೆ ಚುರುಕು.

"ಏನೇ, ಮದುವೆಯಾಗಿ ಹದಿನೆಂಟು ವರ್ಷ ಆಯ್ತು. ಆ ಹುಡುಗಿ ಇನ್ನೂ ದಡ ಸೇರಲಿಲ್ವಾ?"

"ಸೇರಿದಳು ಅತ್ತೆ. ಮತ್ತೆ ಹೊರಟಳು."

"ತವರುಮನೆ ಜಾಸ್ತಿ ಇಷ್ಟ ಅನ್ಸುತ್ತೆ."

ಬೇರೆಯವರ ವಿಡಿಯೋಗಳನ್ನು ಚಾಳೀಸಕ್ಕ ನೋಡುತ್ತಿದ್ದಳು. ಎಲ್ಲರೂ ಅಲ್ಲಲ್ಲಿ ನಿದ್ದೆ ಮಾಡುತ್ತಿದ್ದಂತೆ ಅನ್ನಿಸುತ್ತಿತ್ತು. ಹಾಡು ಕೂಡ ಕೆಳಗಿಳಿದು ಕೇಳುತ್ತಿತ್ತು. ಅವರ ಫೋನೇ ಸರಿಯಿಲ್ಲ ಅಂದುಕೊಂಡಳು. ಹೊಳೆಯ ಮಧ್ಯೆ ನಿಂತವಳಿಗೆ ಹೊಳೆಯ ಓಟ ಗೊತ್ತಾಗುವುದಿಲ್ಲವಲ್ಲ, ಹಾಗೆ.

ಒಂದು ದಿನ ಹತ್ತೊಂಬತ್ತು ನಿಮಿಷ ನಲವತ್ತು ಸೆಕೆಂಡಿಗೆ ದಡ ಸೇರಿದಳು. ಗಂಡ ಮೇಜಿನ ಮೇಲೆ ಫೋನು ನಿಲ್ಲಿಸಿ ವಿಡಿಯೋ ಮಾಡಿದ್ದ. ಅದನ್ನೇ ಪಟ್ಟಿಗೆ ಕಳಿಸಿದರು. ಜೀವಮಾನದಲ್ಲಿ ಮೊದಲ ಸಲ ತನ್ನ ಹೆಸರು ಯಾವುದಾದರೂ ಪಟ್ಟಿಯ ತಲೆಯ ಮೇಲೆ ಕೂರುತ್ತದೆ ಎಂದುಕೊಂಡು ಅವಳು ಎರಡು ದಿನ ನೆಲದ ಮೇಲೆ ಕಾಲಿಡಲಿಲ್ಲ.

ಮೂರನೆಯ ದಿನ ಫೋನು ಬಂತು. ಪಟ್ಟಿಯ ಕಾವಲುಗಾರರಲ್ಲಿ ಹಿರಿಯರು, ವೃತ್ತಿಯಿಂದ ವಾದ್ಯಗಳಿಗೆ ಶ್ರುತಿ ಕೂಡಿಸಿಕೊಡುವವರು. ಆಡುವವರೆಲ್ಲ ಶ್ರುತಿಮಾವ ಅನ್ನುತ್ತಿದ್ದರು. ಮುಖ ನೋಡಿದವರಿಲ್ಲ.

"ಒಂದು ಮಾತು ಕೇಳ್ತೀನಿ ತಾಯಿ, ಬೇಜಾರು ಮಾಡ್ಕೋಬೇಡಿ. ಎರಡನೇ ಕೆರೆ ಹಾಡು ಸ್ವಲ್ಪ ಗುನುಗಿ ನೋಡೋಣ."

ಅವಳಿಗೆ ನಾಚಿಕೆಯಾಯಿತು. ಆದರೂ ಗುನುಗಿದಳು.

"ನೋಡಿ, ನಿಮ್ಮ ಗಂಟಲಲ್ಲೂ ಅದು ಮೇಲೇ ಇದೆ. ಆಟದ ಹಾಡು ಅಷ್ಟು ಎತ್ತರದಲ್ಲಿಲ್ಲ. ನೀವು ಟಿವಿಗೆ ಹಾಕೋ ಪೆಟ್ಟಿಗೆಯಲ್ಲಿ ಆಡಿದೀರಿ, ಅಲ್ವಾ?"

"ಹೌದು ಮಾವ. ಯಾಕೆ, ಆಡಬಾರದಾ?"

"ಆಡಬಹುದು. ಆದರೆ ಆ ಪೆಟ್ಟಿಗೆ ನೂರಕ್ಕೆ ಎರಡು ಚಿಲ್ಲರೆ ಪಾಲು ಬೇಗ ಓಡುತ್ತೆ. ಆಟನೂ ಬೇಗ, ಹಾಡೂ ಮೇಲೆ. ಅದಕ್ಕೇ ಅದರಲ್ಲಿ ಆಡಿದ್ದನ್ನ ನಾವು ಡಬ್ಬಿಯ ಓಟಕ್ಕೆ ಹಿಗ್ಗಿಸಿ ಲೆಕ್ಕ ಹಾಕ್ತೀವಿ. ನಿಮ್ಮದು ಇಪ್ಪತ್ತು ನಿಮಿಷ ಎಂಟು ಸೆಕೆಂಡು ಆಗುತ್ತೆ. ಮೂರನೇ ಸಾಲು. ಅದೇನು ಸಣ್ಣದಲ್ಲ ತಾಯಿ."

ಮೂರನೇ ಸಾಲಾದದ್ದಕ್ಕೆ ಅವಳಿಗೆ ಚಿಂತೆಯಿರಲಿಲ್ಲ. ಐದನೆಯವಳಾಗಿ ಹುಟ್ಟಿದವಳಿಗೆ ಮೂರು ಎಂದರೆ ಬಡ್ತಿಯೇ. ಒಳಗೆ ಮುಳ್ಳಾದದ್ದು ಬೇರೆ. ಆರು ವರ್ಷ ಓಡಾಡಿದ ಕೆರೆಗಳು ಕೆರೆಗಳೇ ಅಲ್ಲವೇ? ಕೈ ಕಲಿತದ್ದೆಲ್ಲ ಸುಳ್ಳು ನೀರಿನ ವಿದ್ಯೆಯೇ? ಅಂಗಡಿಯಲ್ಲಿ ತಪ್ಪು ನಂಬರಿನ ಕನ್ನಡಕ ಹಾಕಿಕೊಂಡು ವರ್ಷಗಟ್ಟಲೆ ಓಡಾಡಿದವರನ್ನು ಅವಳು ನೋಡಿದ್ದಳು. ಸರಿಯಾದ ಗಾಜು ಹಾಕಿದಾಗ ಅವರು ಮೊದಲು ಮಾಡುವ ಕೆಲಸ ಅಂದರೆ ಎಡವುವುದು.

ಗಂಡನ ಮುಖ ಅವಳದಕ್ಕಿಂತ ಹೆಚ್ಚು ಬಾಡಿತು. "ನಿನ್ನ ಕಣ್ಣು ಉಳೀಲಿ ಅಂತ ತಂದೆ ಕಣೇ. ಕೈ ಕೆಡಿಸಿಬಿಟ್ಟೆ."

"ನಿಮಗೇನು ಗೊತ್ತಿತ್ತು?"

"ಬೀಗದ ಕೈ ಕೂದಲೆಳೆ ತಪ್ಪಿದರೆ ನನಗೆ ಗೊತ್ತಾಗುತ್ತೆ. ಇದು ಗೊತ್ತಾಗಲಿಲ್ಲ ನೋಡು."

ಅತ್ತೆ ಮಂಚದಿಂದಲೇ ಕೇಳಿದರು, "ಯಾರು ಸತ್ತರು?"

ವಾರದ ರಜೆಯ ದಿನ ಗಂಡ ಒಂದು ತೀರ್ಮಾನಕ್ಕೆ ಬಂದ. ರಿಪೇರಿಯವನ ಹತ್ತಿರ ಬೇಡಿ ಮಡಚುವಂಥ ಹೊಸ ನಮೂನೆಯ ಡಬ್ಬಿ ತಂದ. ಅದರ ಪರದೆಗೆ ಬೆಳಕಿತ್ತು, ಹಳೆಯ ಕ್ಯಾಸೆಟ್ಟೂ ಹಿಡಿಸುತ್ತಿತ್ತು. ತನ್ನ ಕಂಪ್ಯೂಟರಿನಲ್ಲಿ, ಪಟ್ಟಿಯವರು ಒಪ್ಪಿದ ಎಮ್ಯುಲೇಟರ್ ಹಾಕಿಸಿದ. ಕಂಪ್ಯೂಟರಿನೊಳಗೆ ಡಬ್ಬಿಯ ವೇಷ ಹಾಕಿಕೊಂಡು ಕೂರುವ ಪ್ರೋಗ್ರಾಂ ಅದು. ಅವೆರಡರ ಪಕ್ಕ ಹಳೆಯ ಬೂದು ಡಬ್ಬಿಯನ್ನೂ ಇಟ್ಟ. ಹೆಂಡತಿಯನ್ನು ಕೂರಿಸಿ, ಕಣ್ಣು ಪರೀಕ್ಷೆಯ ಡಾಕ್ಟರ ದನಿಯಲ್ಲಿ ಕೇಳಿದ, "ಹೇಳಿ ಅಮ್ಮಾ, ಮೊದಲನೆಯದು ಸ್ಪಷ್ಟವೋ, ಎರಡನೆಯದು ಸ್ಪಷ್ಟವೋ?"

ಎರಡು ದಿನದ ಮೇಲೆ ಅವಳು ಮೊದಲ ಸಲ ನಕ್ಕಳು.

ಕಂಪ್ಯೂಟರಿನಲ್ಲಿ ಓಟ ಸರಿಯಿತ್ತು, ಹಾಡೂ ಸರಿಯಿತ್ತು, ವಿಡಿಯೋ ಮಾಡುವುದಂತೂ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸುಲಭ. ಆದರೆ ಅವಳು ಎರಡು ಕೆರೆ ದಾಟಿ ಕೈ ತೆಗೆದಳು.

"ಒತ್ತಿದ್ದು ಈಗ, ಹೋಗೋದು ಆಮೇಲೆ."

"ಎಷ್ಟು ಆಮೇಲೆ?"

"ಸುಳ್ಳು ಹೇಳೋನು ಉತ್ತರ ಕೊಡೋ ಮುಂಚೆ ನಿಲ್ತಾನಲ್ಲ, ಅಷ್ಟು."

"ನನಗೆ ಏನೂ ಕಾಣಲಿಲ್ಲಪ್ಪ."

"ನಿಮಗೆ ಕಾಣಿಸಬಾರದು ಅಂತಲೇ ಅವನು ಅಷ್ಟೇ ನಿಲ್ಲೋದು."

ಕಂಪ್ಯೂಟರು ಹಳೆಯದು, ಪರದೆಯೂ ಹಳೆಯದು. ಒಳ್ಳೆಯದು ಇದ್ದವರಿಗೆ ಈ ತಡವರಿಕೆ ಇಲ್ಲವಂತೆ. ಇದ್ದದ್ದರಲ್ಲಿ ಆರಿಸಬೇಕು. ಮಡಚುವ ಡಬ್ಬಿಯಲ್ಲಿ ನೀರು ಬೆಳ್ಳಗೆ ಹೊಳೆಯಿತು, ಜೊಂಡಿನ ಒಂದೊಂದು ಎಲೆಯೂ ಕಂಡಿತು. ಗಂಡ ಹಿಗ್ಗಿದ. "ಇದೇ ಇರಲಿ ಕಣೇ. ಕಣ್ಣಿಗೂ ಹಿತ."

"ಕಾಣುತ್ತೆ. ಗುಂಡಿಗೆ ಆಳ ಇಲ್ಲ. ಒತ್ತಿದ್ದು ಬೆರಳಿಗೆ ಕೇಳಲ್ಲ."

ಕಡೆಗೆ ಬೂದು ಡಬ್ಬಿ ಎತ್ತಿಕೊಂಡಳು. ಆರು ವರ್ಷದ ಮೇಲೆ ಅಂಗೈ ಅದರ ಮೂಲೆಗಳನ್ನು ಗುರುತು ಹಿಡಿಯಿತು. ಗುಂಡಿ ಒತ್ತಿದರೆ ತಳ ಮುಟ್ಟಿ ಹೇಳಿ ಬರುತ್ತಿತ್ತು. ಆದರೆ ಹಾಡು! ನೆಗಡಿಯಾದವರ ದನಿಯಂತೆ ಕೆಳಗಿಳಿದು ಬಂತು. ನೀರು ನೀರಲ್ಲ, ಎಣ್ಣೆ. ಅವಳ ಹೆಬ್ಬೆರಳು ಎಲ್ಲಾ ಕಡೆ ಮುಂಚೆಯೇ ಹೋಗಿ ನಿಂತಿತು. ದೋಣಿ ಮೊದಲ ಕೆರೆಯಲ್ಲೇ ತಾವರೆಗೆ ಸಿಕ್ಕಿ ಮುಳುಗಿತು.

"ಹಾಗಾದರೆ ಯಾವುದು?" ಗಂಡ ಕೇಳಿದ.

"ಇದೇ."

"ಇದರಲ್ಲೇ ತಾನೇ ಮುಳುಗಿದ್ದು?"

"ಅದಕ್ಕೇ ಇದು. ಮುಳುಗಿಸಿದ್ದು ಡಬ್ಬಿ ಅಲ್ಲ, ನಾನು."

ಆಮೇಲಿನ ಎರಡು ತಿಂಗಳು ಚಾಳೀಸಕ್ಕ ಅರ್ಧ ಎಚ್ಚರ ಅರ್ಧ ಕನಸಿನಲ್ಲಿ ಕಳೆದಳು. ಬೀದಿಯಲ್ಲಿ ನಿಧಾನ ನಡೆದು ನೋಡಿದಳು. ಚಕ್ರವನ್ನು ನಿಧಾನ ತಿರುಗಿಸಿದಳು. ಎರಡನೆಯ ಕೆರೆಯ ಹಾಡನ್ನು ಗಂಟಲಿನಲ್ಲಿ ಒಂದು ಮೆಟ್ಟಿಲು ಕೆಳಗಿಳಿಸುವುದು ಎಲ್ಲಕ್ಕಿಂತ ಕಷ್ಟವಾಯಿತು. ಪಾತ್ರೆ ತೊಳೆಯುತ್ತ ಗುನುಗಿದರೆ ಹಾಡು ತಾನಾಗಿ ಹಳೆಯ ಜಾಗಕ್ಕೆ ಏರಿ ಕೂರುತ್ತಿತ್ತು, ಬೆಕ್ಕು ಅಟ್ಟ ಏರಿದ ಹಾಗೆ. ಶ್ರುತಿಮಾವನಿಗೆ ಫೋನು ಮಾಡಿ ಗುನುಗುತ್ತಿದ್ದಳು. "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಕೆಳಗೆ," ಅನ್ನುತ್ತಿದ್ದರು ಅವರು. ಎಷ್ಟು ಆಡಿದರೂ ಸಮಯ ಮಾತ್ರ ಇಪ್ಪತ್ತು ನಿಮಿಷ ಮೂವತ್ತು ಸೆಕೆಂಡಿನ ಕೆಳಗೆ ಬರಲಿಲ್ಲ. ಪೆಟ್ಟಿಗೆಯ ಲೆಕ್ಕಕ್ಕಿಂತಲೂ ಹಿಂದೆ. ಒಂದು ಸಂಜೆ ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿ, ಇನ್ನು ಸಾಕು ಎಂದು ಕಪಾಟಿನ ಮೇಲಿಟ್ಟಳು. ಬೆಳಗಾಗೆದ್ದು ಹಾಲು ಕಾಯುವುದರೊಳಗೆ ಮತ್ತೆ ತೆಗೆದಳು.

ಆ ಬೆಳಗ್ಗೆಯೇ ಅದು ನಡೆದದ್ದು. ನಾಲ್ಕನೆಯ ಕೆರೆಯ ಮುರಿದ ಸೇತುವೆಯನ್ನು ಎಲ್ಲರೂ ಸುತ್ತಿಕೊಂಡು ಹೋಗುತ್ತಿದ್ದರು. ಎರಡು ಕಂಬಗಳ ನಡುವೆ ನುಸುಳಿದರೆ ಹನ್ನೊಂದು ಸೆಕೆಂಡು ಉಳಿಯುತ್ತದೆ, ಅದು ಪಟ್ಟಿಯವರಿಗೆಲ್ಲ ಗೊತ್ತು. ಆದರೆ ಕಪ್ಪೆಯ ಒಂದು ಕೂಗಿಗೂ ಇನ್ನೊಂದು ಕೂಗಿಗೂ ನಡುವೆ ಎರಡು ಹುಟ್ಟು ಹಾಕಬೇಕು. ಯಾರೋ ಎಮ್ಯುಲೇಟರಿನಲ್ಲಿ ಆಟವನ್ನು ಇರುವೆಯ ನಡಿಗೆಗೆ ಇಳಿಸಿ ಮಾಡಿ ತೋರಿಸಿದ್ದರು. ನಿಜವಾದ ಓಟದಲ್ಲಿ ಮಾಡುವುದು ನೂರಕ್ಕೊಂದು ಸಲ. ಪೆಟ್ಟಿಗೆಯಲ್ಲಿ ಆಡುವಾಗ ಅವಳೂ ಸಾವಿರ ಸಲ ಪ್ರಯತ್ನಿಸಿ ಎರಡನೆಯ ಹುಟ್ಟಿಗೆ ಕೂದಲೆಳೆಯಷ್ಟು ಹೊತ್ತು ಸಾಲದೆ ಬಿಟ್ಟಿದ್ದಳು. ಈಗ ಹಾಲಿನ ಕಡೆ ಒಂದು ಕಣ್ಣು ಇಟ್ಟು ಆಡುತ್ತಿದ್ದಾಗ, ಹೆಬ್ಬೆರಳು ತನ್ನ ಹಳೆಯ ಅವಸರದಲ್ಲಿ ಎರಡು ಸಲ ಒತ್ತಿತು. ದೋಣಿ ಕಂಬಗಳ ನಡುವೆ ರೇಷ್ಮೆಯಂತೆ ಜಾರಿ ಆಚೆ ಹೋಯಿತು.

ಹಾಲು ಉಕ್ಕಿ ಒಲೆ ಆರಿತು. ಅವಳು ಕದಲಲಿಲ್ಲ.

ಮತ್ತೆ ಮಾಡಿದಳು. ಐದಕ್ಕೆ ಒಂದು ಸಲ ಆಯಿತು. ವಾರ ಕಳೆಯುವುದರೊಳಗೆ ಮೂರಕ್ಕೆ ಎರಡು. ಆರು ವರ್ಷ ಓಡುವ ನೀರಿನಲ್ಲಿ ಪಳಗಿದ ಕೈ, ನಿಧಾನದ ನೀರಿನಲ್ಲಿ ಯಾರಿಗೂ ಕಾಣದ ಸಂದು ಕಂಡುಹಿಡಿದಿತ್ತು. ಉಳಿದ ಕಡೆಯೆಲ್ಲ ಕೈಗೆ ಕಾಯುವುದನ್ನು ಕಲಿಸಿ, ಆ ಒಂದು ಕಡೆ ಮಾತ್ರ ಹಗ್ಗ ಬಿಚ್ಚಿಬಿಟ್ಟರೆ ಸಾಕಾಗಿತ್ತು. ಇನ್ನೂ ಕೆಲವು ವಾರಕ್ಕೆ ಕೈ ಕಾಯುವುದನ್ನೂ ಕಲಿತು, ಉಳಿದ ಕೆರೆಗಳಲ್ಲಿ ಪೆಟ್ಟಿಗೆಯ ಲೆಕ್ಕಕ್ಕೆ ಮರಳಿತು.

ಸಂಜೆ ನಾಲ್ಕರಿಂದ ಐದರವರೆಗೆ ಅರೆಯುವ ಕೋಣೆಯ ಕಿಟಕಿಗೆ ಓರೆ ಬಿಸಿಲು ಬೀಳುತ್ತಿತ್ತು. ಬೆಳಕಿಲ್ಲದ ಪರದೆ ಚೆನ್ನಾಗಿ ಕಾಣುವುದು ಆಗ ಮಾತ್ರ. ಗಂಡ ಹಿತ್ತಾಳೆ ಕಂಬಿ ಬಗ್ಗಿಸಿ, ಡಬ್ಬಿಯ ಮೇಲೆ ಫೋನು ನಿಲ್ಲುವ ಒಂದು ಸ್ಟ್ಯಾಂಡ್ ಮಾಡಿದ. ಯಜಮಾನರು ಊರಲ್ಲಿಲ್ಲದ ದಿನ ನೋಡಿ ಅತ್ತೆಯನ್ನು ಅಂಗಡಿಯ ಬಾಗಿಲಲ್ಲಿ ಕೂರಿಸಿದರು. ಕನ್ನಡಕದ ಕಡ್ಡಿ ಮುರಿದುಕೊಂಡ ಒಬ್ಬ ಗಿರಾಕಿ ಬಂದ.

"ಕೂತ್ಕೊಳಪ್ಪ. ಒಳಗೆ ಆಪರೇಷನ್ ನಡೀತಿದೆ."

"ಇದು ಕನ್ನಡಕದಂಗಡಿ ಅಲ್ವಾ ಅಜ್ಜಿ? ಆಪರೇಷನ್ ಯಾರಿಗೆ?"

"ನನ್ನ ಸೊಸೆ ದೋಣಿಗೆ."

ಗಿರಾಕಿ ಮುರಿದ ಕನ್ನಡಕವನ್ನು ಒಂದು ಕಣ್ಣಿಗೆ ಹಿಡಿದು ಮುದುಕಿಯನ್ನು ನೋಡಿ, ಸುಮ್ಮನೆ ಕೂತ.

ಒಳಗೆ ತಾವರೆ ಸರಿಯಿತು, ಸುಳಿ ಸರಿಯಿತು. ಮೂರನೆಯ ಕೆರೆಯಲ್ಲಿ ಕೊಕ್ಕರೆ ಕಾಲು ಬದಲಿಸುವುದಕ್ಕೆ ಮುಂಚೆ ನುಗ್ಗಿ ಎರಡು ಸೆಕೆಂಡು ಕಳೆದುಕೊಂಡಳು. ಮತ್ತೆ ಮೊದಲಿನಿಂದ ಶುರು ಮಾಡಲು ಬಿಸಿಲು ಉಳಿಯುವುದಿಲ್ಲ ಎಂದು ಮುಂದೆ ಹೋದಳು. ನಾಲ್ಕನೆಯದರಲ್ಲಿ ಕಪ್ಪೆ ಕೂಗಿತು. ಹೆಬ್ಬೆರಳನ್ನು ಬಿಟ್ಟಳು. ದೋಣಿ ಜಾರಿ ಆಚೆ ಹೋಯಿತು. ಪಕ್ಕದಲ್ಲಿದ್ದ ಗಂಡ ಬಾಯಿಗೆ ಕೈ ಅಡ್ಡ ಹಿಡಿದುಕೊಂಡ.

ಆರನೆಯ ಕೆರೆಯ ನಡುವೆ ಸೂರ್ಯನಿಗೆ ಮೋಡ ಅಡ್ಡ ಬಂತು. ಪರದೆ ಕಣ್ಣು ಮುಚ್ಚಿತು. ದೋಣಿಯಿಲ್ಲ, ಹುಡುಗಿಯಿಲ್ಲ, ದಡವಿಲ್ಲ. ಗಂಡ ದೀಪದ ಗುಂಡಿಯ ಕಡೆ ಧಾವಿಸಿದ. "ಬೇಡ," ಅಂದಳು ಅವಳು. ದೀಪ ಹಾಕಿದರೆ ಗಾಜಿನ ಮೇಲೆ ಅದರ ಬಿಂಬವೇ ಕೂರುತ್ತದೆ. ಕಣ್ಣು ಮುಚ್ಚಿದಳು. ಹಾಡು ಇತ್ತು. ಸರಿಯಾದ ಎತ್ತರದಲ್ಲಿ, ನಿಧಾನವಾಗಿ, ತಣ್ಣಗೆ ಇತ್ತು. ಬೆರಳ ತುದಿಯಲ್ಲಿ ಗುಂಡಿಯ ತಳ ಇತ್ತು. ಚಕ್ರದ ಮೇಲಿನ ನೀರು ಹನಿಯುತ್ತಿತ್ತು. ಆ ಹೊತ್ತಿನಲ್ಲಿ ಕೋಣೆ ಎಲ್ಲಿ ಮುಗಿದು ಕೆರೆ ಎಲ್ಲಿ ಶುರುವಾಯಿತೋ ಅವಳಿಗೆ ತಿಳಿಯಲಿಲ್ಲ. ಮೊಣಕಾಲಿನವರೆಗೆ ಹಸಿರು ನೀರು ಬಂದಂತೆ, ತಾನೇ ಹುಟ್ಟು ಹಾಕುತ್ತಿದ್ದಂತೆ ಅನ್ನಿಸಿತು. ಮೋಡ ಸರಿದಾಗ ದೋಣಿ ಏಳನೆಯ ಕೆರೆಯ ಮಂಜಿನೊಳಗೆ ಆಗಲೇ ಮೂತಿ ಹಾಕಿತ್ತು.

ದಡ ಸೇರಿದಾಗ ಗಡಿಯಾರ ನೋಡುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಅವಳು ಎದ್ದುಹೋಗಿ ಗಿರಾಕಿಯ ಕಡ್ಡಿ ಸರಿ ಮಾಡಿಕೊಟ್ಟಳು. ಗಂಡ ವಿಡಿಯೋ ಕಳಿಸಿದ.

ನಾಲ್ಕು ದಿನ ಪಟ್ಟಿಯವರಿಂದ ಸುದ್ದಿಯಿಲ್ಲ. ಆಮೇಲೆ ಶ್ರುತಿಮಾವ ಫೋನು ಮಾಡಿದರು.

"ಆರನೇ ಕೆರೆಯಲ್ಲಿ ಹದಿನೇಳು ಸೆಕೆಂಡು ಏನೂ ಕಾಣಲ್ಲ ತಾಯಿ. ಕಾಣದ್ದನ್ನ ಒಪ್ಪೋ ಹಾಗಿಲ್ಲ, ಅದು ನಿಯಮ."

ಅವಳು ಗೋಡೆಗೆ ಒರಗಿದಳು.

"ಅದಕ್ಕೇ ತಡ ಆಯ್ತು. ನಾವು ಮೂವರು ಕೂತು ಆ ಹದಿನೇಳು ಸೆಕೆಂಡನ್ನ ಕಂಪ್ಯೂಟರಿನಲ್ಲಿ ಬೆಳಕು ಮಾಡಿ ಮಾಡಿ ನೋಡಿದ್ವಿ. ಮೂರನೇ ದಿನ ದೋಣಿ ಕಾಣಿಸ್ತು, ನೆರಳಿನ ಹಾಗೆ. ಎಲ್ಲೂ ನಿಂತಿಲ್ಲ. ಹತ್ತೊಂಬತ್ತು ನಿಮಿಷ ಐವತ್ತೊಂಬತ್ತು ಸೆಕೆಂಡು. ಇನ್ನೊಂದು ವಿಷಯ. ಯಾವುದರಲ್ಲಿ ಆಡಿದ್ದು ಅಂತ ಪಟ್ಟಿಯಲ್ಲಿ ಬರೀಬೇಕು. ಏನಂತ ಹಾಕಲಿ?"

"ಹಳೇ ಡಬ್ಬಿ ಅಂತ ಹಾಕಿ ಮಾವ. ಬೆಳಕಿಲ್ಲದ್ದು."

ಗಂಡ ಅಂಗಡಿ ಬಾಗಿಲಲ್ಲಿ ನಿಂತು ದಾರಿಹೋಕರಿಗೆಲ್ಲ ಹೇಳುತ್ತಿದ್ದ. ಅರ್ಥವಾದವರು ಯಾರೂ ಇರಲಿಲ್ಲ, ಆದರೂ ಎಲ್ಲರೂ ಒಳ್ಳೆಯದಾಯಿತು ಅಂದರು. ಅತ್ತೆ ಸೊಸೆಯ ಮುಖ ನೋಡಿದರು.

"ಮುಗೀತೇನೇ?"

"ಮುಗೀತು ಅತ್ತೆ. ನನ್ನ ಹೆಸರೇ ಮೊದಲು."

"ಅಬ್ಬಾ. ಇನ್ನಾದರೂ ಹೊತ್ತಿಗೆ ಸರಿಯಾಗಿ ಅಡುಗೆ ಆಗುತ್ತಾ?"

ಚಾಳೀಸಕ್ಕ ಸೆರಗಿನಿಂದ ಡಬ್ಬಿಯ ಪರದೆ ಒರೆಸುತ್ತ ಏನೋ ಲೆಕ್ಕ ಹಾಕುತ್ತಿದ್ದಳು.

"ಕೊಕ್ಕರೆ ಹತ್ತಿರ ಎರಡು ಸೆಕೆಂಡು ಹಾಳು ಮಾಡಿದೆ ಅತ್ತೆ," ಅಂದಳು.